ನಾಲ್ಕು ಸ್ಟಾರ್ ಕೊಟ್ಟಿದ್ದೇನೆ, ಐದನೆಯದು ಮೆಟ್ಟಿಲ ಪಾಲಾಯ್ತು

ಮೊದಲೇ ಹೇಳಿಬಿಡುತ್ತೇನೆ, ಇದು ಉದ್ದ ಇದೆ. ‘ಸೂಪರ್ ಸರ್ವಿಸ್, ಒಳ್ಳೆ ಸ್ಟಾಫ್’ ಅಂತ ಯಾರೋ ಬರೆದ ಎರಡು ಸಾಲು ನಂಬಿ ನಾನು ಎರಡು ಕಡೆ ದುಡ್ಡು ಸುರಿದು ಬಂದಿದ್ದೇನೆ. ಅದಕ್ಕೇ ಈ ಫಿಸಿಯೋಥೆರಪಿ ಸೆಂಟರ್ ಬಗ್ಗೆ ನನ್ನ ಸರದಿಗೆ ಸರಿಯಾಗಿ ಬರೆಯೋಣ ಅಂತ ಕೂತೆ. ಕಾಲು ನೋವು ಇಟ್ಟುಕೊಂಡು, ಬಳ್ಳಾರಿಯಲ್ಲಿ ಎಲ್ಲಿಗೆ ಹೋಗಲಿ ಅಂತ ರಾತ್ರಿ ಹನ್ನೊಂದಕ್ಕೆ ಫೋನ್ ತಿಕ್ಕುತ್ತಾ ಮಲಗಿದವರಿಗೆ ಇದು.

ನಾನು ಜೀನ್ಸ್ ಹೊಲಿಯುವವನು. ಕೌಲ್ ಬಜಾರ್ ಕಡೆ ಚಿಕ್ಕ ಯೂನಿಟ್ ಇದೆ, ಆರು ಮೆಷಿನ್, ಪೂರ್ತಿ ಜಾಬ್ ವರ್ಕ್. ಕಟಿಂಗ್ ಆಗಿ ಬಂದದ್ದನ್ನು ಹೊಲಿದು ವಾಷಿಂಗ್‌ಗೆ ಕಳಿಸುತ್ತೇವೆ. ಪೀಸ್ ರೇಟು. ಕೂತರೆ ದುಡ್ಡು, ಎದ್ದರೆ ಇಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನನ್ನ ಕಾಲು ನೋಡಿದ ಇಷ್ಟು ಜನರಲ್ಲಿ ‘ನೀವು ಏನು ಕೆಲಸ ಮಾಡ್ತೀರಿ’ ಅಂತ ಕೇಳಿದ್ದು ಈ ಫಿಸಿಯೋಥೆರಪಿ ಸೆಂಟರಿನ ಮೇಡಂ ಒಬ್ಬರೇ.

ಶುರುವಾಗಿದ್ದು ಅಂಜನಾದ್ರಿಯಲ್ಲಿ. ಹಿಂದಿನ ವರ್ಷ ಡಿಸೆಂಬರಲ್ಲಿ ಹನುಮ ಮಾಲೆ ಹಾಕಿದ್ದೆ, ವಿಸರ್ಜನೆಗೆ ಅಂತ ನಾವು ಏಳು ಜನ ಗಂಗಾವತಿ ಮೇಲೆ ಹೋದೆವು. 575 ಮೆಟ್ಟಿಲು ಹತ್ತುವಾಗ ಏನೂ ಇಲ್ಲ, ಕುಣಿಯುತ್ತಾ ಹತ್ತಿದೆ. ಇಳಿಯುವಾಗ, ಇನ್ನು ಇಪ್ಪತ್ತೋ ಮೂವತ್ತೋ ಮೆಟ್ಟಿಲು ಉಳಿದಿತ್ತು, ಹಿಂದಿನಿಂದ ಜನ ಒತ್ತುತ್ತಿದ್ದರು, ಬರಿಗಾಲು ಬೇರೆ, ಬಲಗಾಲು ಮೆಟ್ಟಿಲ ಅಂಚಿಗೆ ಬಿದ್ದು ಒಳಕ್ಕೆ ಹೊರಳಿತು. ಟಕ್ ಅಂತ ಒಂದು ಸದ್ದು. ದಾರ ಹರಿದ ಹಾಗೆ. ಅಲ್ಲೇ ಕೂತೆ. ಐದು ನಿಮಿಷ ಬಿಟ್ಟು ಎದ್ದು ಕುಂಟುತ್ತಾ ಗಾಡಿವರೆಗೆ ಬಂದೆ. ಸಂಜೆ ಹೊತ್ತಿಗೆ ಹರಡಿನ (ಪಾದದ ಕೀಲಿನ) ಹೊರಗಿನ ಗಿಣ್ಣಿನ ಮೇಲೆ ಅರ್ಧ ನಿಂಬೆಹಣ್ಣು ಅಂಟಿಸಿದ ಹಾಗೆ ಬಾವು. ಮೂರನೇ ದಿನ ಹಿಮ್ಮಡಿವರೆಗೂ ನೀಲಿ ಇಳಿದಿತ್ತು, ಥೇಟ್ ನಮ್ಮ ಡೆನಿಮ್ ತೊಳೆದ ನೀರಿನ ಬಣ್ಣ.

ಮನೆಯಲ್ಲಿ ಅರಿಶಿನ-ಸುಣ್ಣದ ಪಟ್ಟು ಆಯಿತು. ನಮ್ಮತ್ತೆ ಹುಣಸೆ ಎಲೆ ಕುದಿಸಿ ಕಾವು ಕೊಟ್ಟರು. ನಾಲ್ಕನೇ ದಿನ ಮೆಷಿನ್ ಮೇಲೆ ಕೂತೆ, ಲೋಡ್ ಕೊಡಬೇಕಿತ್ತು. ಬಾವು ಇಳಿಯಿತು, ನೀಲಿ ಹೋಯಿತು, ನೋವು ಮಾತ್ರ ಬಾಡಿಗೆದಾರನ ಹಾಗೆ ಉಳಿದುಕೊಂಡಿತು. ಬೆಳಿಗ್ಗೆ ಎದ್ದ ಮೊದಲ ಹತ್ತು ಹೆಜ್ಜೆ ಹಲ್ಲು ಕಚ್ಚಿ ಇಡಬೇಕು. ಎರಡು ಗಂಟೆ ಕೂತು ಎದ್ದರೆ ಹರಡು ತುಕ್ಕು ಹಿಡಿದ ಕೀಲಿನ ಹಾಗೆ. ನೋವಿಗಿಂತ ಜಾಸ್ತಿ ಹೆದರಿಸಿದ್ದು ಇನ್ನೊಂದು. ನೆಲ ಸ್ವಲ್ಪ ಏರುಪೇರು ಇದ್ದರೆ ಸಾಕು, ಕಾಲು ತಾನಾಗೇ ಹೊರಳುತ್ತಿತ್ತು. ರೈಲ್ವೆ ಗೇಟ್ ದಾಟುವಾಗ ಒಂದು ಸಲ, ಮನೆ ಮುಂದಿನ ಚರಂಡಿ ಕಲ್ಲಿನ ಮೇಲೆ ಒಂದು ಸಲ, ಮದುವೆ ಮನೆಯಲ್ಲಿ ಎಲ್ಲರ ಮುಂದೆ ಒಂದು ಸಲ.

ತೋರಿಸಲಿಲ್ಲ ಅಂತಲ್ಲ. ಮೊದಲ ಡಾಕ್ಟರು (ಹೆಸರು ಬೇಡ) ಎಕ್ಸ್‌ರೇ ತೆಗೆಸಿದರು, ಲೈಟಿಗೆ ಹಿಡಿದರು, ‘ಮೂಳೆ ಸರಿ ಇದೆ, ಏನೂ ಆಗಿಲ್ಲ’ ಅಂದರು, ಐದು ದಿನದ ಮಾತ್ರೆ ಬರೆದರು. ನನ್ನ ಕಾಲನ್ನು ಮುಟ್ಟಲೇ ಇಲ್ಲ. ಮಾತ್ರೆ ನುಂಗಿದ ಐದು ದಿನ ಚೆನ್ನಾಗಿತ್ತು, ಆರನೇ ದಿನ ಮತ್ತೆ ಅದೇ. ಆಮೇಲೆ ನಾನೇ ಡಾಕ್ಟರಾದೆ. ಮೆಡಿಕಲ್ ಶಾಪಲ್ಲಿ ಖಾಲಿ ಶೀಟ್ ತೋರಿಸಿದರೆ ಕೊಡುತ್ತಾರಲ್ಲ, ಅಸಿಕ್ಲೋಫೆನಾಕ್ ಇರುವ ಆ ನೋವಿನ ಮಾತ್ರೆಯನ್ನು ಹಬ್ಬದ ಸೀಸನ್‌ನಲ್ಲಿ ದಿನಕ್ಕೆ ಎರಡರಂತೆ ಮೂರು ವಾರ ತಿಂದೆ. ಎದೆ ಉರಿ ಶುರುವಾಗಿ ಮಿರ್ಚಿ ಬಿಡಬೇಕಾಯ್ತು. ಬಳ್ಳಾರಿಯವನು ಮಿರ್ಚಿ ಬಿಡುವುದು ಅಂದರೆ ಏನು ಅಂತ ಗೊತ್ತಿದ್ದವರಿಗೆ ಗೊತ್ತು. ಈ ಜಾತಿ ಮಾತ್ರೆ ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಕಿಡ್ನಿಗೂ ತೊಂದರೆ ಕೊಡಬಹುದು ಅಂತ ಆಮೇಲೆ ತಿಳಿಯಿತು.

ಎರಡನೆಯವರು ರಕ್ತ ಪರೀಕ್ಷೆ ಬರೆದರು. ಯೂರಿಕ್ ಆಸಿಡ್ 5.8, ನಾರ್ಮಲ್. ಆಮೇಲೆ ‘ಸೂಜಿ ಹಾಕಿಬಿಡೋಣ, ಎರಡು ದಿನದಲ್ಲಿ ಓಡಾಡ್ತೀಯ’ ಅಂದರು. ಸ್ಟೀರಾಯ್ಡ್ ಅಂತ ಕೇಳಿ ಎದ್ದು ಬಂದೆ. ಬುದ್ಧಿವಂತಿಕೆಯಿಂದ ಅಲ್ಲ, ಸೂಜಿ ಕಂಡರೆ ಭಯ ಅಷ್ಟೇ.

ಮೂರನೆಯದು ನಾಟಿ ಕಟ್ಟು. ಇದು ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ. ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು ಕಲಸಿ ಬಳಿದು, ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿ, ಹನ್ನೊಂದು ದಿನ ಬಿಚ್ಚಬಾರದು ಅಂದರು. ಅದು ಒಣಗುತ್ತಾ ಒಣಗುತ್ತಾ ಇನ್ನೂ ಬಿಗಿಯಾಯಿತು. ರಾತ್ರಿ ಎರಡು ಗಂಟೆಗೆ ಎಚ್ಚರ ಆಗಿ ನೋಡಿದರೆ ಬೆರಳು ನೇರಳೆ ಬಣ್ಣ, ಮುಟ್ಟಿದರೆ ತಣ್ಣಗೆ, ಚಿವುಟಿದರೆ ಗೊತ್ತಾಗುತ್ತಿಲ್ಲ. ಮನೆಯವಳು ಬಟ್ಟೆ ಕತ್ತರಿಸುವ ಹನ್ನೆರಡು ಇಂಚಿನ ಕತ್ತರಿ ತಂದಳು. ಎಂಟು ಪದರ ಡೆನಿಮ್ ಕತ್ತರಿಸುವ ಕತ್ತರಿ ಅದು, ಆ ಕಟ್ಟಿಗೆ ಮೂರು ಸಲ ಜಾರಿತು. ಬಿಚ್ಚಿದ ಹತ್ತು ನಿಮಿಷಕ್ಕೆ ಬೆರಳಿಗೆ ರಕ್ತ ಬಂದು ಜುಮುಜುಮು ಅಂದಾಗ ನಾವಿಬ್ಬರೂ ಮಾತಾಡದೆ ಕೂತಿದ್ದೆವು. ಯಾವ ಕಟ್ಟೇ ಆಗಲಿ, ಬೆರಳು ಬಣ್ಣ ಬದಲಾದರೆ, ಜೋಮು ಹಿಡಿದರೆ, ಬೆಳಗಾಗಲಿ ಅಂತ ಕಾಯಬೇಡಿ.

ನಮ್ಮ ಯೂನಿಟ್‌ನಲ್ಲಿ ಕಾಜಾ-ಬಟನ್ ಹಾಕುವ ಅಕ್ಕ ಒಬ್ಬರಿದ್ದಾರೆ, ಮೊಣಕಾಲಿಗೆ ಇಲ್ಲಿಗೆ ಬರುತ್ತಿದ್ದರು. ‘ಅಲ್ಲಿ ಹೋಗ್ರಿ ಅಣ್ಣಾ, ಅವರು ಬರೀ ಮೆಷಿನ್ ಹಚ್ಚಿ ಕಳಸೋರಲ್ಲ, ಮೈತುಂಬ ಕೆಲಸ ಕೊಡ್ತಾರ’ ಅಂದರು. ಹಂಗೆ ಬಂದೆ.

ಈಗ ಸೆಂಟರ್ ಬಗ್ಗೆ.

ಎರಡನೇ ಮಹಡಿ. ಲಿಫ್ಟ್ ಇಲ್ಲ. ಮೆಟ್ಟಿಲು 38, ನಾನೇ ಎಣಿಸಿದ್ದು. ಬರುವವರೆಲ್ಲ ಮೊಣಕಾಲು ಹಿಡಿದವರು, ಸೊಂಟ ಹಿಡಿದವರು, ಕಾಲು ಮುರಿದು ರಾಡ್ ಹಾಕಿಸಿಕೊಂಡವರು. ಮೊದಲ ದಿನ ಒಬ್ಬ ಅಜ್ಜಿ ನಡುವಿನ ತಿರುವಿನಲ್ಲಿ ಕೂತು ‘ಮ್ಯಾಲೆ ಹೋಗಿ ಬಂದ್ರ ಆರಾಮಾಗ್ತದಂತ, ಹೋಗದಾದ್ರೂ ಹೆಂಗ’ ಅಂತ ನನ್ನನ್ನೇ ಕೇಳಿದರು. ಕಳೆದ ಒಂದು ಸ್ಟಾರ್ ಇದಕ್ಕೇ. ಮೇಡಂಗೂ ಹೇಳಿದ್ದೇನೆ. ಕೆಳಗಿನ ಮಳಿಗೆಗೆ ಬಾಡಿಗೆ ಜಾಸ್ತಿ ಅಂದರು. ಇರಬಹುದು, ನಮ್ಮ ಕಾಲಿಗೆ ಬಾಡಿಗೆ ಅರ್ಥ ಆಗಲ್ಲವಲ್ಲ.

ಮೊದಲ ದಿನ ಮುಕ್ಕಾಲು ಗಂಟೆ ನೋಡಿದರು. ಮೆಷಿನ್ ಹತ್ತಿರಕ್ಕೂ ಹೋಗಲಿಲ್ಲ. ಬಿದ್ದ ದಿನ ಎದ್ದು ನಾಲ್ಕು ಹೆಜ್ಜೆ ಇಡೋಕೆ ಆಯ್ತಾ ಅಂತ ಕೇಳಿದರು. ಆಯ್ತು ಅಂದೆ. ಎರಡೂ ಗಿಣ್ಣಿನ ಹಿಂದಿನ ಅಂಚು ಒತ್ತಿ ನೋಡಿದರು. ಕೆನಡಾದ ಒಟ್ಟಾವಾ ಊರಿನ ಡಾಕ್ಟರುಗಳು 1992ರಲ್ಲಿ ಮಾಡಿದ ಲೆಕ್ಕವಂತೆ ಇದು. ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಇಲ್ಲಾ ಗಿಣ್ಣಿನ ಮೂಳೆಯ ಹಿಂದಿನ ಅಂಚು, ತುದಿ ಒತ್ತಿದರೆ ನೋವಾದರೆ, ಆಗ ಎಕ್ಸ್‌ರೇ ಬೇಕು. ಪಾದದಲ್ಲೂ ಹೀಗೇ ಎರಡು ಮೂಳೆ ಒತ್ತಿ ನೋಡುತ್ತಾರೆ. ಅಷ್ಟು ಸುಲಭ, ಮೂಳೆ ಮುರಿದಿರಬಹುದಾ ಅಂತ ಕೈಯಲ್ಲೇ ಅಂದಾಜು ಮಾಡಬಹುದು ಅಂತ ನನಗೆ ಗೊತ್ತಿರಲಿಲ್ಲ.

ಆಮೇಲೆ ಹಿಮ್ಮಡಿ ಹಿಡಿದು ಮುಂದಕ್ಕೆ ಎಳೆದರು. ಎಡಗಾಲು ಗಟ್ಟಿಯಾಗಿ ನಿಂತಿತು. ಬಲಗಾಲು ಸ್ವಲ್ಪ ಜಾರಿ ಬಂತು. ‘ಗೊತ್ತಾಯ್ತಾ ಅಣ್ಣಾ?’ ಅಂದರು. ಗೊತ್ತಾಯಿತು. ಎಲಾಸ್ಟಿಕ್ ಸತ್ತ ಸೊಂಟಪಟ್ಟಿ ಎಳೆದಾಗ ಬರುತ್ತಲ್ಲ, ಹಾಗೆ. ಹರಡಿನ ಹೊರಗಡೆ ಮೂರು ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟಿ ಹಿಡಿಯುವ ನಾರು) ಇರುತ್ತವೆ, ಪಾದ ಒಳಕ್ಕೆ ಹೊರಳಿದಾಗ ಎಲ್ಲಕ್ಕಿಂತ ಮೊದಲು ಏಟು ತಿನ್ನುವುದು ಮುಂದುಗಡೆಯದು. ನಂದು ಅದೇ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತೆ, ಲಿಗಮೆಂಟ್ ಕಾಣಲ್ಲ. ಹಾಗಾಗಿ ಮೊದಲ ಡಾಕ್ಟರು ಮೂಳೆ ಸರಿ ಇದೆ ಅಂದದ್ದು ನಿಜವೇ. ‘ಏನೂ ಆಗಿಲ್ಲ’ ಅಂದದ್ದೇ ಸುಳ್ಳು.

ಒಂಟಿ ಕಾಲಲ್ಲಿ ನಿಲ್ಲಿಸಿದರು. ಎಡಗಾಲಲ್ಲಿ ಮೂವತ್ತು ಸೆಕೆಂಡ್ ಆರಾಮಾಗಿ ನಿಂತೆ. ಬಲಗಾಲಲ್ಲಿ ಆರಕ್ಕೇ ಗೋಡೆ ಹಿಡಿದೆ. ಕಣ್ಣು ಮುಚ್ಚಿ ಅಂದರು, ಎರಡಕ್ಕೇ ಮಂಚದ ಮೇಲೆ ಬಿದ್ದೆ. ಇಲ್ಲಿ ಅವರು ಹೇಳಿದ ಮಾತು ನನಗೆ ಬಹಳ ಹಿಡಿಸಿತು. ಲಿಗಮೆಂಟ್ ಬರೀ ಹಗ್ಗ ಅಲ್ಲ, ಪಾದ ಯಾವ ಕಡೆ ವಾಲಿದೆ ಅಂತ ಮೆದುಳಿಗೆ ಸುದ್ದಿ ಮುಟ್ಟಿಸುವ ನರದ ತುದಿಗಳು ಅದರಲ್ಲಿರುತ್ತವೆ. ಹರಿದಾಗ ಆ ಸುದ್ದಿ ತಡವಾಗುತ್ತೆ, ಮೆದುಳು ಎಚ್ಚೆತ್ತು ಪಕ್ಕದ ಸ್ನಾಯು ಬಿಗಿ ಮಾಡುವಷ್ಟರಲ್ಲಿ ಕಾಲು ಹೊರಳಿ ಆಗಿರುತ್ತೆ. ಮಾತ್ರೆಯಿಂದ ನೋವು ಕಮ್ಮಿ ಆಗಬಹುದು, ಈ ಸುದ್ದಿ ಬೇಗ ಆಗಲ್ಲ. ಇಷ್ಟು ತಿಂಗಳಿಂದ ನಾನು ಏರುಪೇರು ನೆಲವನ್ನೇ ಬೈಯುತ್ತಿದ್ದೆ, ಅಲ್ವಾ.

ಇನ್ನೊಂದು ಪರೀಕ್ಷೆ. ಗೋಡೆಗೆ ಎದುರು ನಿಂತು, ಹಿಮ್ಮಡಿ ಎತ್ತದೆ ಮೊಣಕಾಲು ಗೋಡೆಗೆ ಮುಟ್ಟಿಸಬೇಕು, ಹೆಬ್ಬೆರಳು ಗೋಡೆಯಿಂದ ಎಷ್ಟು ದೂರ ಹೋಗುತ್ತೆ ಅಂತ ಅಳೆಯುತ್ತಾರೆ. ಅವರ ಟೇಪು ಸಿಗಲಿಲ್ಲ. ನನ್ನದು ಕೊರಳಲ್ಲೇ ಇತ್ತು, ಯೂನಿಟ್‌ನಿಂದ ಸೀದಾ ಬಂದಿದ್ದೆ. ಎಡಗಾಲು ನಾಲ್ಕೂವರೆ ಇಂಚು, ಬಲಗಾಲು ಎರಡು. ಜೀನ್ಸ್‌ನಲ್ಲಿ ಅರ್ಧ ಇಂಚು ಹೆಚ್ಚು ಕಮ್ಮಿ ಆದರೆ ಲಾಟೇ ವಾಪಸ್ ಬರುತ್ತೆ. ನನ್ನ ಕಾಲಲ್ಲಿ ಎರಡೂವರೆ ಇಂಚು ವ್ಯತ್ಯಾಸ ಇಟ್ಟುಕೊಂಡು ತಿರುಗುತ್ತಿದ್ದೆ.

ಎಂಆರ್‌ಐ ಬೇಕಾ ಅಂತ ನಾನೇ ಕೇಳಿದೆ, ಸಾಲ ಮಾಡಲೂ ರೆಡಿ ಇದ್ದೆ. ಈಗ ಬೇಡ, ಮೂರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿಯೂ ಕಮ್ಮಿ ಆಗದಿದ್ದರೆ, ಇಲ್ಲಾ ಕೀಲಿನೊಳಗೆ ಏನೋ ಸಿಕ್ಕಿಹಾಕಿಕೊಂಡ ಹಾಗಾದರೆ ಆರ್ಥೋ ಡಾಕ್ಟರ ಹತ್ತಿರ ನಾನೇ ಕಳಿಸುತ್ತೇನೆ, ಒಳಗಿನ ಮೃದುಮೂಳೆಗೆ ಏಟಾಗಿದೆಯಾ ಅಂತ ನೋಡಬೇಕಾಗುತ್ತೆ ಅಂದರು. ಬೇಡ ಅನ್ನುವ ಮಾತು ಆಸ್ಪತ್ರೆಯ ಕಡೆಯಿಂದ ನಾನು ಕೇಳಿದ್ದು ಅದೇ ಮೊದಲು.

ವ್ಯಾಯಾಮ ನೋಡಿದರೆ ನಗು ಬರುತ್ತೆ. ಗಾಳಿಯಲ್ಲಿ ಹೆಬ್ಬೆರಳಿನಿಂದ ಎ ಬಿ ಸಿ ಡಿ ಬರೀರಿ ಅಂದರು. ನನಗೆ ಯಾಕೋ ಅ ಆ ಇ ಈ ಬರೆಯೋಣ ಅನಿಸಿತು. ಮಾಡಿ ನೋಡಿ, ನಮ್ಮ ಅಕ್ಷರ ಇಂಗ್ಲಿಷಿಗಿಂತ ಒಳ್ಳೆ ವ್ಯಾಯಾಮ. ಎಲ್ಲಾ ಸುರುಳಿ, ಎಲ್ಲಾ ತಿರುವು. ರ ಠ ಸಲೀಸು. ಋ ಬರೆಯುವಷ್ಟರಲ್ಲಿ ಹೊರಗಿನ ಗಿಣ್ಣು ಬೆವರುತ್ತೆ. ಞ ಅಂತೂ ಎರಡು ವಾರ ಅರ್ಧಕ್ಕೇ ನಿಲ್ಲುತ್ತಿತ್ತು. ನಮ್ಮ ಹುಡುಗ ಒಂದನೇ ಕ್ಲಾಸು, ಅವನು ಸ್ಲೇಟಲ್ಲಿ, ನಾನು ಕಾಲಲ್ಲಿ, ಇಬ್ಬರದೂ ಒಟ್ಟಿಗೆ ಹೋಮ್‌ವರ್ಕ್.

ಅದು ಬಿಟ್ಟರೆ ಪಾದವನ್ನು ರಬ್ಬರ್ ಪಟ್ಟಿಯ ವಿರುದ್ಧ ಹೊರಕ್ಕೆ ತಳ್ಳುವುದು, ಎರಡೂ ಕಾಲಲ್ಲಿ ತುದಿಗಾಲ ಮೇಲೆ ಎದ್ದು ಒಂದೇ ಕಾಲಲ್ಲಿ ನಿಧಾನವಾಗಿ ಇಳಿಯುವುದು, ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲುವುದು. ಈ ಕೊನೆಯದು ಚಟ ಆಗಿಬಿಟ್ಟಿತು. ಸಂಜೆ ಬಂಡಿ ಮುಂದೆ ಒಗ್ಗರಣೆ-ಮಿರ್ಚಿಗೆ ಕಾಯುವಾಗಲೂ ನಿಲ್ಲುತ್ತಿದ್ದೆ. (ಹೌದು, ಮಿರ್ಚಿ ವಾಪಸ್ ಬಂತು.) ಬಂಡಿಯವನು ‘ಯಾಕಣ್ಣಾ, ಹರಕೆ ಏನರ ಐತೇನು’ ಅಂದ.

ನನಗೆ ಜಾಸ್ತಿ ಉಪಯೋಗ ಆದದ್ದು ಮಾತ್ರ ಬೇರೆ. ಮೂರನೇ ಸಿಟಿಂಗ್‌ಗೆ, ನೀವು ಮೆಷಿನ್ ಮೇಲೆ ಕೂತಿದ್ದು ಪಕ್ಕದಿಂದ ವಿಡಿಯೋ ತೆಗೆಸಿಕೊಂಡು ಬನ್ನಿ ಅಂದರು. ಎರಡು ಸಲ ನೋಡಿ, ಇಷ್ಟು ದಿನ ನಾನೇ ಗಮನಿಸದಿದ್ದನ್ನು ಬೆರಳಿಟ್ಟು ತೋರಿಸಿದರು. ನನ್ನ ಪೆಡಲ್ ದೂರ ಇತ್ತು, ಓರೆಯಾಗಿತ್ತು. ಹಿಮ್ಮಡಿ ಗಾಳಿಯಲ್ಲಿ, ಬರೀ ಮುಂಗಾಲಿನ ತುದಿಯಲ್ಲಿ ಪೆಡಲ್. ಹತ್ತು ಗಂಟೆ, ಹನ್ನೆರಡು ಗಂಟೆ ಪಾದ ಹಾಗೇ ತುದಿಗಾಲಲ್ಲಿ ನಿಂತಂತೆ. ಹಳೇ ಕ್ಲಚ್ ಮೋಟರ್ ಬೇರೆ, ಒತ್ತಲು ಬಲ ಬೇಕು, ನಿಲ್ಲಿಸಲು ಹಿಮ್ಮಡಿ ಹಿಂದಕ್ಕೆ ತುಳಿಯಬೇಕು. ಗಾಯ ಆದ ಕಾಲಿಗೆ ನಾಲ್ಕನೇ ದಿನದಿಂದ ನಾನು ಕೊಟ್ಟ ವಿಶ್ರಾಂತಿ ಇದು.

ಮೆಷಿನ್ ಮೆಕ್ಯಾನಿಕ್ ಬಂದ. ಪೆಡಲ್ ಈಚೆ ಸರಿಸಿದ, ಕಡ್ಡಿಯ ಉದ್ದ ಹೊಂದಿಸಿ ಪೆಡಲನ್ನು ಸಮ ಮಾಡಿದ, ಈಗ ಪಾದ ಪೂರ್ತಿ ಅದರ ಮೇಲೆ ಕೂರುತ್ತೆ. ಕಾಲು ಗಂಟೆ ಕೆಲಸ, ಒಂದು ಸ್ಪ್ಯಾನರ್, ಒಂದು ಚಹಾ. ಎರಡು ತಿಂಗಳು ಬಿಟ್ಟು ಸರ್ವೋ ಮೋಟರ್ ಹಾಕಿಸಿದೆ, ಅದಕ್ಕೆ ಪಾದ ಸುಮ್ನೆ ಇಟ್ಟರೆ ಸಾಕು, ಕರೆಂಟ್ ಬಿಲ್ಲೂ ಇಳಿಯಿತು. ಉಳಿದ ಐದು ಮೆಷಿನ್‌ಗಳ ಪೆಡಲ್ ಕೂಡ ಅವರವರ ಕಾಲಿಗೆ ಹೊಂದಿಸಿದ್ದೇವೆ. ಟೈಲರಿಂಗ್ ಮಾಡುವ ಯಾರೇ ಓದುತ್ತಿದ್ದರೂ ದಯವಿಟ್ಟು ಇವತ್ತೇ ಬಗ್ಗಿ ನಿಮ್ಮ ಹಿಮ್ಮಡಿ ಎಲ್ಲಿದೆ ನೋಡಿಕೊಳ್ಳಿ.

ರೇಟು. ಮೊದಲ ಸಲ 300 ರೂಪಾಯಿ, ಆಮೇಲೆ ಸಿಟಿಂಗ್‌ಗೆ 250. ನಾನು ಆರು ವಾರದಲ್ಲಿ ಹತ್ತು ಸಿಟಿಂಗ್ ಹೋದೆ. ಕೌಂಟರಿನ ಹುಡುಗ ಮೊದಲ ದಿನವೇ ಹದಿನೈದರ ಪ್ಯಾಕೇಜ್ ತಗೊಳ್ಳಿ, ಡಿಸ್ಕೌಂಟ್ ಇದೆ ಅಂತ ಬೆನ್ನು ಹತ್ತುತ್ತಾನೆ. ತಗೋಬೇಡಿ. ನನಗೆ ಆರನೇ ಸಲಕ್ಕೇ ಮೇಡಂ ‘ಇನ್ನು ವಾರಕ್ಕೊಮ್ಮೆ ಸಾಕು, ಮನೇಲಿ ಮಾಡ್ರಿ’ ಅಂದರು. ಬಿಲ್ ಕೇಳಿದರೆ ಮಾತ್ರ ಕೊಡುತ್ತಾರೆ. ಐದೂವರೆ ಅಂತ ಟೈಮ್ ಕೊಟ್ಟು ಆರೂಕಾಲಿಗೆ ಕರೆದದ್ದೂ ಇದೆ, ಪೀಸ್ ರೇಟ್‌ನವನಿಗೆ ಅದು ಎಷ್ಟು ಪೀಸು ಅಂತ ನಾನು ಲೆಕ್ಕ ಹಾಕುತ್ತಾ ಕೂತಿರುತ್ತಿದ್ದೆ. ಬೆಳಿಗ್ಗೆ ಹೋದರೆ ಖಾಲಿ ಇರುತ್ತೆ.

ಕರೆಂಟ್ ಶಾಕ್ ಕೊಡುವ ಮೆಷಿನ್, ಅಲ್ಟ್ರಾಸೌಂಡ್ ಎಲ್ಲ ಇದೆ. ಕೆಲವರು ಅದಕ್ಕೇ ಬರುತ್ತಾರೆ, ಮೆಷಿನ್ ಹಚ್ಚದಿದ್ದರೆ ದುಡ್ಡು ವೇಸ್ಟ್ ಅಂತ ಜಗಳ ಆಡಿದವರನ್ನೂ ನೋಡಿದೆ. ಮೇಡಂ ಮಾತ್ರ ನೇರ ಹೇಳಿದರು, ‘ಅದು ಸ್ವಲ್ಪ ಹೊತ್ತು ಹಿತ ಕೊಡುತ್ತೆ ಅಷ್ಟೇ ಅಣ್ಣಾ, ಕಾಲು ಗಟ್ಟಿ ಆಗೋದು ನೀವು ಮಾಡಿದ್ರೆ.’ ಒಂದು ಸಂಜೆ ಕರೆಂಟ್ ಹೋಗಿ ಮೆಷಿನ್ ಎಲ್ಲ ನಿಂತಾಗ ಇಡೀ ಸೆಂಟರ್‌ನಲ್ಲಿ ಕೆಲಸ ಮುಂದುವರಿಸಿದವನು ನಾನೊಬ್ಬನೇ, ಮೊಬೈಲ್ ಟಾರ್ಚ್ ಬೆಳಕಲ್ಲಿ ಒಂಟಿ ಕಾಲ ಮೇಲೆ.

ಆ್ಯಂಕಲ್ ಬೆಲ್ಟ್ ಬಗ್ಗೆ ಕೇಳುವವರಿಗೆ. ನನ್ನ ಹತ್ತಿರ ಎರಡಿವೆ. ಮೆಡಿಕಲ್ ಶಾಪಿನ ಸಾಕ್ಸ್ ತರಹದ್ದು ಬೆಚ್ಚಗಿರುತ್ತೆ, ಹಿಡಿತ ಕಮ್ಮಿ, ಮೇ ತಿಂಗಳ ಬಳ್ಳಾರಿ ಬಿಸಿಲಿಗೆ ಹಾಕಿದರೆ ಕಾಲು ಬೆಂದು ಹೋಗುತ್ತೆ. ಶೂ ಲೇಸಿನ ಹಾಗೆ ಕಟ್ಟುವ ಇನ್ನೊಂದು ದುಬಾರಿ, ಆದರೆ ನಿಜವಾಗಿ ಹಿಡಿಯುತ್ತೆ. ದೂರ ನಡೆಯುವಾಗ, ಗುಡ್ಡ ಹತ್ತುವಾಗ ಮಾತ್ರ ಹಾಕುತ್ತೇನೆ.

ಇನ್ನೊಂದು ನೋಡಿದ್ದು ಹೇಳಲೇಬೇಕು. ಪಕ್ಕದ ಮಂಚದಲ್ಲಿ ಒಬ್ಬರು ಹಿರಿಯರು, ಸಕ್ಕರೆ ಕಾಯಿಲೆ, ಪಾದ ಊದಿತ್ತು, ಬೆಚ್ಚಗಿತ್ತು, ಆದರೆ ನೋವು ಅಷ್ಟಿಲ್ಲ ಅಂತ ಖುಷಿಯಲ್ಲಿದ್ದರು. ಮೇಡಂ ನಮ್ಮ ಮೀನು ಹಿಡಿಯೋ ದಾರದಂಥ ಒಂದು ಸಣ್ಣ ನೈಲಾನ್ ಎಳೆಯಿಂದ ಅಂಗಾಲು ಚುಚ್ಚುತ್ತಾ ಹೋದರು. ‘ಈಗ? ಈಗ?’ ಅವರು ಕಣ್ಣು ಮುಚ್ಚಿಕೊಂಡು ‘ಶುರು ಮಾಡ್ರಿ ಮತ್ತ’ ಅಂದರು. ಆಗಲೇ ಏಳೆಂಟು ಕಡೆ ಚುಚ್ಚಿ ಆಗಿತ್ತು. ದುಡ್ಡು ತಗೊಳ್ಳದೆ ಅವತ್ತೇ ವಿಮ್ಸ್ ಸರ್ಕಾರಿ ಆಸ್ಪತ್ರೆಗೆ ಚೀಟಿ ಬರೆದು, ಆ ಕಾಲಿನ ಮೇಲೆ ಭಾರ ಹಾಕದೆ ಹೋಗಿ ಅಂತ ಮಗನಿಗೆ ಹೇಳಿ ಕಳಿಸಿದರು. ಸಕ್ಕರೆ ಇದ್ದವರು ಪಾದ ಊದಿ ಬಿಸಿ ಆದರೆ ನೋವಿಲ್ಲ ಅಂತ ಸುಮ್ಮನಿರಬೇಡಿ. ಹಾಗೇ, ಕಾಲು ನೆಲಕ್ಕೆ ಇಡಲೇ ಆಗದವರು, ಹರಡು ಸೊಟ್ಟಗಾದವರು, ಜ್ವರದ ಜೊತೆ ಕೀಲು ಕೆಂಪಾದವರು, ಮೀನಖಂಡ ಊದಿ ಬಿಗಿದವರು ಇಲ್ಲಿಗೆ ಬಂದು ಮೆಟ್ಟಿಲು ಹತ್ತಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ನನ್ನ ಕಾಲು ಈಗ ಹೇಗಿದೆ? ಮೂರೂವರೆ ತಿಂಗಳಾಯಿತು. ಒಂಟಿ ಕಾಲಲ್ಲಿ ನಲವತ್ತು ಸೆಕೆಂಡ್, ಕಣ್ಣು ಮುಚ್ಚಿ ಹನ್ನೊಂದು. ಗೋಡೆ ಪರೀಕ್ಷೆ ಮೂರೂಮುಕ್ಕಾಲು ಇಂಚು. ಕಳೆದ ಭಾನುವಾರ ಮಗನನ್ನು ಕರಕೊಂಡು ಬಳ್ಳಾರಿ ಕೋಟೆ ಗುಡ್ಡ ಹತ್ತಿದೆ. ಹತ್ತುವುದಕ್ಕಲ್ಲ, ಇಳಿಯುವುದಕ್ಕೆ ಹೆದರಿಕೆ ಇತ್ತು. ಹೊರಳಲಿಲ್ಲ. ಪೂರ್ತಿ ಹೋಗಿದೆ ಅಂತ ಹೇಳಿದರೆ ಸುಳ್ಳಾಗುತ್ತೆ. ದೀಪಾವಳಿ ಲೋಡ್ ಬಂದು ಹದಿನಾಲ್ಕು ಗಂಟೆ ಕೂತ ಮಾರನೇ ದಿನ ಗಿಣ್ಣು ನೆನಪು ಮಾಡುತ್ತೆ. ಒಂದು ವಾರ ವ್ಯಾಯಾಮ ಬಿಟ್ಟರೂ ಮಾಡುತ್ತೆ. ಆದರೆ ಮಾತ್ರೆಯ ಶೀಟ್ ಖರೀದಿಸಿ ನಾಲ್ಕು ತಿಂಗಳಾಯಿತು.

ಕೊನೆಗೆ ಒಂದು ಮಾತು, ಬರುವಾಗ ಜೀನ್ಸ್ ಹಾಕಿಕೊಂಡು ಬರಬೇಡಿ. ಮೊದಲ ದಿನ ನಾನೇ ಹೊಲಿದ ನ್ಯಾರೋ ಫಿಟ್ ಹಾಕಿ ಬಂದಿದ್ದೆ, ಮೊಣಕಾಲಿನವರೆಗೆ ಮಡಚಿ ಅಂದರೆ ಮೀನಖಂಡಕ್ಕೇ ಸಿಕ್ಕಿಕೊಂಡಿತು, ಎಳೆದರೆ ಬರಲ್ಲ, ಬಿಟ್ಟರೆ ಇಳಿಯಲ್ಲ. ಹೊಲಿಗೆ ಗಟ್ಟಿ ಇದೆ ಅಂತ ಮೇಡಂ ಹೊಗಳಿದರು. ಲುಂಗಿ ಸಾಕು.